ಕಿನ್ನಾಳದ ಚಿತ್ರಗಾರರೂ ಅವರ ವರ್ಣಲೇಪವಿದ್ಯೆಯೂ

೧

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯ ಹೆಸರನ್ನೆತ್ತಿದೊಡನೆ ವಾಚಕರ ಮನಸ್ಸಿಗೆ ಬರುವುದು ಕಲ್ಲಿನ ಕೆಲಸ ಮತ್ತು ನೂಲಿನ ಕೆಲಸ. ಐಹೊಳೆ ಪಟ್ಟದಕಲ್ಲುಗಳ ದೇಗುಲಗಳು, ಬಾದಾಮಿಯ ಗುಹೆಗಳು, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಇವು ನಾಡಿನ ಹೊರಗೂ ಪ್ರಸಿದ್ಧವಾಗಿರುವುವು. ಆದರೆ ಇದೇ ಸೀಮೆಯ ಹಳ್ಳಿಗಳಲ್ಲಿ ಕಲ್ಲೂ ಅಲ್ಲದ, ನೂಲೂ ಅಲ್ಲದ ಮೂರನೆಯ ವಿದ್ಯೆಯೊಂದರ ಕುರುಹು ಜನರ ಕಣ್ಣೆದುರಿಗೇ ಇರುವುದು. ಅದು ದ್ಯಾಮವ್ವನ ಗುಡಿಯಲ್ಲಿರುವ ಮರದ ಮೂರ್ತಿ. ಅದರ ಮೈಯೆಲ್ಲ ಬಣ್ಣ. ಕಿರೀಟ, ಅಡ್ಡಿಕೆ, ಡಾಬುಗಳು ಉಬ್ಬಿ ನಿಂತು ಚಿನ್ನದಂತೆ ಹೊಳೆಯುವುವು. ಭಕ್ತರು ನೋಡುವುದು ದೇವಿಯನ್ನು. ಆ ಹೊಳಪು ಯಾವುದರಿಂದ ಆಯಿತು, ಅದರ ಅಡಿಯಲ್ಲಿ ಏನಿದೆ ಎಂದು ವಿಚಾರಿಸುವವರು ವಿರಳ.

ಈ ಬಗೆಯ ಕೆಲಸವನ್ನು ಕುಲವೃತ್ತಿಯಾಗಿ ಮಾಡುವವರಿಗೆ ಚಿತ್ರಗಾರರೆಂದು ಹೆಸರು. ಜೀನಗಾರರೆಂಬ ಹೆಸರೂ ಇವರಿಗೆ ಉಂಟು. ಜೀನವೆಂದರೆ ಕುದುರೆಯ ತಡಿ. ಒಂದು ಕುಲಕ್ಕೆ ಚಿತ್ರದ ಹೆಸರೂ ತಡಿಯ ಹೆಸರೂ ಸಂದಿರುವುದನ್ನು ನೋಡಿದರೆ, ಅರಸರಿಗೂ ದೇವಸ್ಥಾನಗಳಿಗೂ ಬೇಕಾದ ಹಲವು ಬಗೆಯ ಅಲಂಕಾರದ ಕೆಲಸಗಳು ಇವರ ಕೈಯಲ್ಲಿದ್ದುವೆಂದು ಊಹಿಸಲು ಅವಕಾಶವಿದೆ. ಇವರ ನೆಲೆಗಳಲ್ಲಿ ಹೆಚ್ಚು ಖ್ಯಾತಿಯನ್ನು ಪಡೆದುದು ಕಿನ್ನಾಳ. ಇಳಕಲ್ಲಿನಿಂದ ದಕ್ಷಿಣಕ್ಕೆ ಕುಷ್ಟಗಿಯ ಮಾರ್ಗವಾಗಿ ಹೋದರೆ ಸಿಕ್ಕುವ ಕೊಪ್ಪಳ ಸೀಮೆಯ ಊರು ಇದು. ೧೯೪೮ರ ವರೆಗೆ ಕೊಪ್ಪಳ ಕುಷ್ಟಗಿಗಳು ಹೈದರಾಬಾದು ಸಂಸ್ಥಾನಕ್ಕೂ, ಬಾದಾಮಿ ಹುನಗುಂದ ಇಳಕಲ್ಲುಗಳು ಮುಂಬಯಿ ಪ್ರಾಂತಕ್ಕೂ ಸೇರಿದ್ದುವು. ೧೯೫೬ರಲ್ಲಿ ಇವೆಲ್ಲ ಒಂದೇ ರಾಜ್ಯಕ್ಕೆ ಒಳಪಟ್ಟುವು. ರಾಜ್ಯದ ಮೇರೆ ನಡುವೆ ಹಾದಿದ್ದರೂ ಗ್ರಾಮದೇವತೆಯ ರೂಪ, ಬಣ್ಣದ ಕ್ರಮ, ಆಭರಣದ ಮಾಟ ಇವು ಎರಡು ಕಡೆಗಳಲ್ಲಿಯೂ ಒಂದೇ ಸಂಪ್ರದಾಯಕ್ಕೆ ಸೇರಿದವು.

ಕಿನ್ನಾಳದ ಕೆಲಸಕ್ಕೆ ಈಗ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿರುವುದು. ಆ ಪಟ್ಟಿಯಲ್ಲಿ ಇದರ ಹೆಸರು ‘ಕಿನ್ನಾಳದ ಗೊಂಬೆ’. ಮಾಡುವವನು ಚಿತ್ರಗಾರ, ಮಾಡಿದ ವಸ್ತು ಗೊಂಬೆ. ಈ ಎರಡು ಹೆಸರುಗಳ ನಡುವಣ ಅಂತರವು ಅಲ್ಪವಾದುದಲ್ಲ. ಗೊಂಬೆಯೆಂದು ಭಾವಿಸಿದವರು ಮರದ ಕೆತ್ತನೆಯನ್ನು ನೋಡುವರು; ಚಿತ್ರವೆಂದು ಭಾವಿಸಿದವರು ಮರದ ಮೇಲಣ ಲೇಪವನ್ನು ನೋಡುವರು. ಈ ವಿದ್ಯೆಯ ಸಾರವು ಲೇಪದಲ್ಲಿಯೇ ಇದೆಯೆಂಬುದು ಮುಂದಣ ವಿವರಗಳಿಂದ ತಿಳಿದುಬರುವುದು.

೨

ಲೇಪದ ಮೇಲೆ ಚಿತ್ರಿಸುವುದು ಈ ಸೀಮೆಗೆ ಹೊಸತಲ್ಲ. ಬಾದಾಮಿಯ ಮೂರನೆಯ ಗುಹೆಯು ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮನಾದ ಮಂಗಲೇಶನು ಮಾಡಿಸಿದ ವಿಷ್ಣುಗೃಹವು. ಅಲ್ಲಿಯ ಶಾಸನದ ಕಾಲ ಶಕ ೫೦೦, ಎಂದರೆ ಕ್ರಿ. ಶ. ೫೭೮. ಆ ಗುಹೆಯ ಮುಂಚಾಚಿನ ಒಳಮೈಯಲ್ಲಿ ಮರಳುಗಲ್ಲಿನ ಮೇಲೆ ಗಾರೆಯ ತೆಳುವಾದ ಲೇಪವನ್ನು ಕೊಟ್ಟು ಬರೆದ ಚಿತ್ರಗಳ ಅವಶೇಷಗಳಿವೆ. ರಾಜಪರಿವಾರದವರು ನೃತ್ಯಗೀತಗಳನ್ನು ನೋಡುತ್ತಿರುವ ದೃಶ್ಯವನ್ನು ಅಲ್ಲಿ ಇನ್ನೂ ಗುರುತಿಸಬಹುದು. ಲೇಪವು ಉದುರಿದ ಕಡೆಗಳಲ್ಲಿ ಚಿತ್ರವೂ ಹೋಗಿದೆ, ಕಲ್ಲು ಮಾತ್ರ ಉಳಿದಿದೆ. ಚಿತ್ರದ ಆಯುಷ್ಯವು ಅದರ ಕೆಳಗಿನ ನೆಲೆಯ ಆಯುಷ್ಯವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಈ ತತ್ತ್ವವನ್ನು ಶಾಸ್ತ್ರವಾಗಿ ಬರೆದಿಟ್ಟವನೂ ಕನ್ನಡನಾಡಿನ ಅರಸನೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರ ವರೆಗೆ ಆಳಿದನು. ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಅವನ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಚಿತ್ರಕರ್ಮದ ಭಾಗವೊಂದಿದೆ. ಅದರಲ್ಲಿ ಚಿತ್ರಿಸುವುದಕ್ಕಿಂತ ಮೊದಲು ಗೋಡೆಯನ್ನು ಸಿದ್ಧಪಡಿಸುವ ಕ್ರಮವು ಹೇಳಲ್ಪಟ್ಟಿದೆ. ಎಮ್ಮೆಯ ತೊಗಲನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟು, ಅದರೊಡನೆ ಕಲಸಿದ ಬಿಳಿಯ ಮಣ್ಣು, ಅದನ್ನು ಹಲವು ಸಲ ಹಚ್ಚಿ ನುಣುಪುಗೊಳಿಸುವ ರೀತಿ ಇವೆಲ್ಲ ಅಲ್ಲಿ ವರ್ಣಿತವಾಗಿವೆ. ಚಿತ್ರದಲ್ಲಿ ಚಿನ್ನವನ್ನು ಬಳಸುವ ಕ್ರಮವೂ ಅಲ್ಲಿದೆ. ಚಿನ್ನದ ಪುಡಿಯನ್ನು ವಜ್ರಲೇಪದೊಡನೆ ಹಚ್ಚಿ, ಒಣಗಿದ ಬಳಿಕ ಹಂದಿಯ ದಾಡೆಯಿಂದ ಮೆಲ್ಲಗೆ ಉಜ್ಜಿ ಹೊಳಪು ಬರಿಸಬೇಕೆಂದು ಸೋಮೇಶ್ವರನು ವಿಧಿಸುವನು. ನೆಲೆ, ವರ್ಣ, ಹೊಳಪು ಎಂಬ ಮೂರು ಅಂಗಗಳು ಹೀಗೆ ಹನ್ನೆರಡನೆಯ ಶತಮಾನದಲ್ಲಿಯೇ ವ್ಯವಸ್ಥಿತವಾಗಿದ್ದುವು.

ಕಿನ್ನಾಳದ ಚಿತ್ರಗಾರರು ತಮ್ಮ ಮೂಲವನ್ನು ವಿಜಯನಗರಕ್ಕೆ ಒಯ್ಯುವರು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಡದಲ್ಲಿರುವ ಗಿರಿಜಾಕಲ್ಯಾಣ, ಮತ್ಸ್ಯಯಂತ್ರಭೇದನ, ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ ಮೊದಲಾದ ಚಿತ್ರಗಳು ತಮ್ಮ ಹಿರಿಯರ ಕೈಕೆಲಸವೆಂದು ಅವರಲ್ಲಿ ಪ್ರತೀತಿ ಇದೆ. ಆ ಚಿತ್ರಗಳ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಅವು ವಿಜಯನಗರದ ಅರಸರ ಕಾಲದವೆನ್ನುವವರು ಕೆಲವರು. ಈಗ ಕಾಣುವುವು ೧೯ನೆಯ ಶತಮಾನದ ಆದಿಭಾಗದವೆನ್ನುವವರು ಕೆಲವರು. ಎರಡನೆಯ ಪಕ್ಷವೇ ನಿಜವಾದರೂ ಕಿನ್ನಾಳದವರ ಪ್ರತೀತಿಗೆ ಬಾಧಕವಿಲ್ಲ. ಸಾಮ್ರಾಜ್ಯವು ಅಳಿದು ಎರಡೂವರೆ ಶತಮಾನಗಳಾದ ಮೇಲೆಯೂ ಅಂತಹ ವಿಸ್ತಾರವಾದ ಮಾಡವನ್ನು ಚಿತ್ರಿಸಬಲ್ಲವರು ಈ ಪ್ರದೇಶದಲ್ಲಿ ಉಳಿದಿದ್ದರೆಂದೇ ಅದರಿಂದ ಸಿದ್ಧವಾಗುವುದು.

೩

ಇನ್ನು ಕೆಲಸದ ಕ್ರಮವನ್ನು ವಿವೇಚಿಸಬಹುದು. ಮೊದಲನೆಯದಾಗಿ ಮರ. ಕಿನ್ನಾಳದವರು ಆರಿಸುವುದು ಹಗುರವಾದ, ಮೆದುವಾದ ಮರವನ್ನು. ಉತ್ಸವದ ಮೂರ್ತಿಯನ್ನೂ ವಾಹನವನ್ನೂ ಜನರು ಹೊತ್ತು ನಡೆಯಬೇಕಾದುದರಿಂದ ಹಗುರತನವು ಅವಶ್ಯವಾದ ಗುಣ. ಇಡಿಯ ವಿಗ್ರಹವನ್ನು ಒಂದೇ ದಿಮ್ಮಿಯಿಂದ ಕಡೆಯುವುದಿಲ್ಲ. ಅಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ ಕೂಡಿಸುವರು. ಗರುಡನಿಗೆ ೧೨ ಭಾಗಗಳು. ಪೀಠದ ಮೇಲೆ ಕುಳಿತ ಗಣಪತಿಗೆ ೨೨ ಭಾಗಗಳು. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಮಾಡಿ ಕೊಂಡಿಯಿಂದ ಕೂಡಿಸುವಂತೆ, ಇಲ್ಲಿಯೂ ಕೂಡಿಸುವಲ್ಲಿಯೇ ಕೈಯ ಚಾತುರ್ಯವು ಕಾಣುವುದು.

ಕೂಡಿಸುವ ಅಂಟು ಹುಣಿಸೆಯ ಬೀಜದ್ದು. ಬೀಜದ ಹಿಟ್ಟನ್ನು ನೀರಿನಲ್ಲಿ ಬೇಯಿಸಿದರೆ ಗಟ್ಟಿಯಾದ ಸರಿಯಾಗುವುದು. ಕುರುಬರು ಕಂಬಳಿಗೆ ಬಿರುಸು ಬರಿಸಲು ಹಚ್ಚುವ ಗಂಜಿಯೂ ಇದೇ; ಆದುದರಿಂದ ಈ ಸೀಮೆಯ ಜನರಿಗೆ ಇದು ಅಪರಿಚಿತವಾದುದಲ್ಲ. ಈ ಸರಿಯೇ ಮುಂದಣ ಲೇಪಕ್ಕೂ ಆಧಾರ. ಸೆಣಬಿನ ಹರಕುಗಳನ್ನು ನೆನೆಯಿಟ್ಟು, ಸಣ್ಣಗೆ ಕತ್ತರಿಸಿ, ಒಣಗಿಸಿ, ಪುಡಿಮಾಡಿ, ಆ ಪುಡಿಯನ್ನು ಗರಗಸದ ಹೊಟ್ಟಿನೊಡನೆಯೂ ಹುಣಿಸೆಬೀಜದ ಸರಿಯೊಡನೆಯೂ ಕಲಸುವರು. ಇದಕ್ಕೆ ಕಿಟ್ಟವೆಂದು ಹೆಸರು. ಕೂಡಿಸಿದ ವಿಗ್ರಹದ ಮೈಗೆಲ್ಲ ಕೈಯಿಂದಲೇ ಕಿಟ್ಟವನ್ನು ಬಳಿದು, ಸಂದುಗಳನ್ನು ಮುಚ್ಚಿ, ಮೈಯ ಏರುತಗ್ಗುಗಳನ್ನು ತಿದ್ದುವರು. ಅದರ ಮೇಲೆ ಹತ್ತಿಯ ಬಟ್ಟೆಯ ಸಣ್ಣ ತುಂಡುಗಳನ್ನು ಅದೇ ಸರಿಯಿಂದ ಅಂಟಿಸುವರು. ಬಟ್ಟೆಯ ಮೇಲೆ ನುಣ್ಣಗೆ ಅರೆದ ಕಲ್ಲಿನ ಪುಡಿಯ ಲೇಪವನ್ನು ಕೊಡುವರು. ಬಣ್ಣವು ತಾಗುವುದು ಈ ಕೊನೆಯ ಪದರಕ್ಕೆ ಮಾತ್ರ.

ಇಷ್ಟು ಪದರಗಳೇಕೆ ಎಂಬ ಪ್ರಶ್ನೆಗೆ ಉತ್ತರವು ಮರದ ಸ್ವಭಾವದಲ್ಲಿದೆ. ಮಳೆಗಾಲದಲ್ಲಿ ಮರವು ಹಿಗ್ಗುವುದು, ಬೇಸಗೆಯಲ್ಲಿ ಕುಗ್ಗುವುದು. ಎಳೆಯ ಉದ್ದಕ್ಕೆ ಒಂದು ಅಳತೆಯಲ್ಲಿ, ಅಡ್ಡಕ್ಕೆ ಇನ್ನೊಂದು ಅಳತೆಯಲ್ಲಿ. ೨೨ ತುಂಡುಗಳಿಂದಾದ ವಿಗ್ರಹದಲ್ಲಿ ಪ್ರತಿಯೊಂದು ತುಂಡೂ ತನ್ನ ತನ್ನ ದಿಕ್ಕಿಗೆ ಎಳೆಯುವುದು. ಬರಿಯ ಮರದ ಮೇಲೆ ಬಣ್ಣವನ್ನು ಹಚ್ಚಿದರೆ ಸಂದು ಬಿಟ್ಟ ಕಡೆಯಲ್ಲೆಲ್ಲ ಅದು ಬಿರಿಯುವುದು. ನಾರು ಬೆರೆತ ಕಿಟ್ಟವೂ ಅದರ ಮೇಲಣ ಬಟ್ಟೆಯೂ ಆ ಎಳೆತವನ್ನು ತಡೆದು ಹಂಚಿಕೊಳ್ಳುವುವು. ಕಲ್ಲಿನ ಪದರವು ಗಟ್ಟಿಯಾದ, ನುಣುಪಾದ ಮುಖವನ್ನು ಒದಗಿಸುವುದು. ಬೆತ್ತಲೆಯ ಮರಕ್ಕೆ ಮೊದಲು ಸ್ನಾಯು, ಅನಂತರ ತೊಗಲು, ಆಮೇಲೆ ಮೈಬಣ್ಣ ಎಂಬಂತೆ ಈ ಕ್ರಮವಿದೆಯೆನ್ನಬಹುದು.

ಆಭರಣಗಳನ್ನು ಕೆತ್ತುವುದಿಲ್ಲ. ಕಲ್ಲಿನ ಪುಡಿಯನ್ನು ತೆಳುವಾದ ಗೋಂದಿನೊಡನೆ ಕಲಸಿ, ಆ ಲೇಪವನ್ನು ಗೆರೆಗೆರೆಯಾಗಿಯೂ ಚುಕ್ಕೆಚುಕ್ಕೆಯಾಗಿಯೂ ಇಡುತ್ತ ಹೋದರೆ, ಒಣಗಿದ ಮೇಲೆ ಸರ, ಕಡಗ, ಕಿರೀಟದ ಹರಳುಗಳು ಉಬ್ಬಿ ನಿಲ್ಲುವುವು. ಇದರ ಮೇಲೆ ಬರುವುದು ಈ ವಿದ್ಯೆಯಲ್ಲಿ ಅತಿ ಕುತೂಹಲಕಾರಿಯಾದ ಭಾಗ. ಅದನ್ನು ಲಾಜವರವೆನ್ನುವರು. ತವರವನ್ನು ನುಣ್ಣಗೆ ಮಾಡಿ ಅಂಟಿನೊಡನೆ ಕಲಸಿ ಹಚ್ಚುವರು. ಹಚ್ಚಿದಾಗ ಅದು ಬೂದಿಯಂತೆ ಮಂಕಾಗಿರುವುದು. ಒಣಗಿದ ಬಳಿಕ ನುಣುಪಾದ ಕಲ್ಲಿನಿಂದ ತಿಕ್ಕಿದರೆ ತವರದ ಕಣಗಳು ಒಂದಕ್ಕೊಂದು ಸೇರಿ ಮಟ್ಟವಾಗಿ ಬೆಳ್ಳಿಯ ಹೊಳಪು ಏಳುವುದು. ಅದರ ಮೇಲೆ ಹಳದಿಯ ಛಾಯೆಯುಳ್ಳ ವಾರ್ನಿಷನ್ನು ಬಳಿದರೆ ಬೆಳ್ಳಿಯು ಚಿನ್ನವಾಗುವುದು. ವಾರ್ನಿಷು ಬೆಳಕಿನ ನೀಲಿಯ ಅಂಶವನ್ನು ಹೀರಿಕೊಳ್ಳುವುದು. ಉಳಿದ ಬೆಳಕನ್ನು ಕೆಳಗಿನ ತವರವು ಹಿಂದಕ್ಕೆ ಅಟ್ಟುವುದು. ನೋಡುವವನ ಕಣ್ಣಿಗೆ ಚಿನ್ನವೇ ಕಾಣುವುದು. ಸೋಮೇಶ್ವರನು ಅರಮನೆಗೆ ವಿಧಿಸಿದ ಚಿನ್ನವು ಹಳ್ಳಿಯ ದೇವಿಗೆ ಒದಗುವಂತಿರಲಿಲ್ಲ. ಹಳ್ಳಿಯ ಚಿತ್ರಗಾರನು ತವರ, ಕಲ್ಲು, ವಾರ್ನಿಷುಗಳಿಂದ ಆ ಕೊರತೆಯನ್ನು ತುಂಬಿಕೊಟ್ಟನು. ಉಜ್ಜಿ ಹೊಳಪು ಬರಿಸುವ ಸೂತ್ರವಂತೂ ಎರಡೆಡೆಗಳಲ್ಲಿಯೂ ಒಂದೇ.

ಇಲ್ಲಿ ಅರಗಿನ ಕೆಲಸಕ್ಕೂ ವಾರ್ನಿಷಿನ ಕೆಲಸಕ್ಕೂ ಇರುವ ಭೇದವನ್ನು ಗಮನಿಸಬೇಕು. ಲ್ಯಾಕರ್ ಎಂಬ ಪಾಶ್ಚಾತ್ಯ ಶಬ್ದವು ಸಂಸ್ಕೃತದ ಲಾಕ್ಷಾ ಶಬ್ದದಿಂದ ಬಂದುದು; ಲಾಕ್ಷೆಯೆಂದರೆ ಅರಗು, ಮರದ ರೆಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟು. ಚನ್ನಪಟ್ಟಣದಲ್ಲಿ ಚರಕಿಯ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಅದನ್ನು ಕೇದಗೆಯ ಜಾತಿಯ ಗರಿಯಿಂದ ಉಜ್ಜಿ ನುಣುಪು ಮಾಡುವರು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳಲ್ಲಿ ಅರಗಿನ ಬಣ್ಣದೊಡನೆ ಕೃಷ್ಣಲೀಲೆಯೇ ಮೊದಲಾದ ಚಿತ್ರಗಳೂ ಸೇರುವುವು. ಚರಕಿಯ ಕೆಲಸಕ್ಕೆ ಗುಂಡಗಿನ ಆಕಾರವು ಬೇಕು. ಮುಖ, ಬೆರಳು, ರೆಕ್ಕೆಗಳುಳ್ಳ ಮೂರ್ತಿಗೆ ಅದು ಒಗ್ಗದು. ಆದುದರಿಂದಲೇ ಕಿನ್ನಾಳದವರು ಪದರದ ಮೇಲೆ ಪದರವಿಟ್ಟು ಕುಂಚದಿಂದ ಬರೆದು ವಾರ್ನಿಷಿನಿಂದ ಮುಚ್ಚುವ ಕ್ರಮವನ್ನು ಹಿಡಿದರು.

೪

ಈ ಕ್ರಮಕ್ಕೆ ಜಗತ್ತಿನಲ್ಲಿ ಸಮೀಪದ ಹೋಲಿಕೆಯನ್ನು ಹುಡುಕಿದರೆ ಅದು ರಷ್ಯಾ ದೇಶದಲ್ಲಿ ದೊರೆಯುವುದು. ಅಲ್ಲಿಯ ಪಾಲೆಖ್, ಮ್ಸ್ತ್ಯೋರ, ಖೋಲುಯಿ ಎಂಬ ಊರುಗಳು ಶತಮಾನಗಳಿಂದ ಕ್ರೈಸ್ತ ದೇವತಾಪಟಗಳನ್ನು ಬರೆಯುವವರ ನೆಲೆಗಳಾಗಿದ್ದುವು. ಅವರು ಮರದ ಹಲಗೆಗೆ ಬಟ್ಟೆಯನ್ನು ಅಂಟಿಸಿ, ಅದರ ಮೇಲೆ ಸೀಮೆಸುಣ್ಣವನ್ನೂ ಅಂಟನ್ನೂ ಬೆರಸಿದ ಲೇಪವನ್ನು ಕೊಟ್ಟು, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣಗಳಿಂದ ಚಿತ್ರಿಸಿ, ಕೊನೆಗೆ ಎಣ್ಣೆಯ ವಾರ್ನಿಷನ್ನು ಬಳಿಯುತ್ತಿದ್ದರು. ಮರ, ಬಟ್ಟೆ, ಲೇಪ, ವರ್ಣ, ವಾರ್ನಿಷು ಎಂಬ ಈ ಅನುಕ್ರಮವು ಕಿನ್ನಾಳದ ಅನುಕ್ರಮವೇ. ಒಬ್ಬರಿಂದೊಬ್ಬರು ಕಲಿತರೆನ್ನಲು ಆಧಾರವಿಲ್ಲ. ಮರವು ಬಿರಿಯುವ ಕಷ್ಟವು ಎರಡು ದೇಶಗಳಲ್ಲಿಯೂ ಒಂದೇ ಆದುದರಿಂದ ಪರಿಹಾರವೂ ಒಂದೇ ಆಯಿತು. ಲಾಜವರದ ಯುಕ್ತಿಗೂ ಅಲ್ಲಿ ಜೋಡಿ ಉಂಟು. ಖೋಖ್ಲೊಮವೆಂಬ ಹೆಸರಿನ ಮರದ ಪಾತ್ರೆಗಳಿಗೆ ತವರದ ಪುಡಿಯನ್ನು ಸವರಿ, ವಾರ್ನಿಷು ಹಚ್ಚಿ, ಒಲೆಯಲ್ಲಿ ಕಾಯಿಸಿ ಚಿನ್ನದ ಬಣ್ಣವನ್ನು ಬರಿಸುತ್ತಿದ್ದರು. ಈಚೆಗೆ ತವರದ ಬದಲು ಅಲ್ಯೂಮಿನಿಯಮ್ಮಿನ ಪುಡಿಯು ಬಳಕೆಗೆ ಬಂದಿದೆ.

೧೯೧೭ರ ಕ್ರಾಂತಿಯಿಂದ ರಷ್ಯಾದಲ್ಲಿ ದೇವತಾಪಟಗಳಿಗೆ ಬೇಡಿಕೆ ನಿಂತುಹೋಯಿತು. ಪಾಲೆಖಿನ ಚಿತ್ರಗಾರರಲ್ಲಿ ಕೆಲವರು ಬೇಸಾಯಕ್ಕೂ ಕೆಲವರು ಬೇರೆ ಕೂಲಿಗೂ ಇಳಿದರು. ಅವರಲ್ಲೊಬ್ಬನಾದ ಇವಾನ್ ಗೊಲಿಕೋವನು ಮಾಸ್ಕೋದ ಕೈಕಸಬಿನ ವಸ್ತುಸಂಗ್ರಹಾಲಯದಲ್ಲಿ ಫೆದೋಸ್ಕಿನೊ ಎಂಬ ಊರಿನ ವಾರ್ನಿಷಿನ ಪೆಟ್ಟಿಗೆಗಳನ್ನು ಕಂಡನು. ಆ ಊರಿನಲ್ಲಿ ೧೭೯೫ರಿಂದ ಕಾಗದದ ರಟ್ಟಿನ ಪೆಟ್ಟಿಗೆಗಳ ಉದ್ಯಮವಿದ್ದಿತು; ಅವುಗಳ ಮೇಲೆ ಎಣ್ಣೆಬಣ್ಣದಿಂದ ಚಿತ್ರಿಸುತ್ತಿದ್ದರು. ಗೊಲಿಕೋವನು ಅಂತಹ ಪೆಟ್ಟಿಗೆಯ ಕಪ್ಪು ಮೈಯ ಮೇಲೆ ದೇವತಾಪಟದ ಮೊಟ್ಟೆಬಣ್ಣವನ್ನು ಪ್ರಯೋಗಿಸಿದನು. ಸಂತರ ಸ್ಥಾನಕ್ಕೆ ತ್ರೋಯ್ಕಾ ಬಂಡಿಗಳೂ ಜಾನಪದ ಕಥೆಗಳೂ ಬಂದುವು. ರೇಖೆ, ಬಣ್ಣ, ಚಿನ್ನದ ಕೆಲಸಗಳು ಹಳೆಯ ರೀತಿಯವೇ ಆಗಿ ಉಳಿದುವು. ೧೯೨೪ನೆಯ ಡಿಸೆಂಬರ್ ೫ರಂದು ಅವನೂ ಇತರ ಆರು ಮಂದಿಯೂ ಸೇರಿ ಸಹಕಾರ ಸಂಘವೊಂದನ್ನು ಸ್ಥಾಪಿಸಿದರು. ಗೊಲಿಕೋವನು ೧೯೩೭ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ೧೯೩೫ರಲ್ಲಿ ಪಾಲೆಖಿನಲ್ಲಿಯೇ ವಸ್ತುಸಂಗ್ರಹಾಲಯವು ತೆರೆದಿದ್ದಿತು. ಊರಿನ ಕೆಲಸದ ಉತ್ತಮ ಮಾದರಿಗಳು ಊರಿನಲ್ಲಿಯೇ ಉಳಿಯುವಂತಾದುವು.

ಪಾಲೆಖಿನವರ ಕೆಲಸವೂ ಹೊರಗಿನವರಿಗೆ ತೋರುವಷ್ಟು ಸುಲಭವಾದುದಲ್ಲ. ರಟ್ಟಿನ ಹಾಳೆಗಳನ್ನು ಹಿಟ್ಟಿನ ಅಂಟಿನಿಂದ ಅಚ್ಚಿನ ಸುತ್ತ ಸುತ್ತಿ, ಒತ್ತಿ, ಒಣಗಿಸಿ, ಅಗಸೆಯ ಎಣ್ಣೆಯಲ್ಲಿ ನೆನೆಯಿಸಿ, ಒಲೆಯಲ್ಲಿ ಕಾಯಿಸಿದರೆ ಮರಕ್ಕಿಂತ ಗಟ್ಟಿಯಾದ, ಬಿರಿಯದ ವಸ್ತುವಾಗುವುದು. ಅದಕ್ಕೆ ಹಲವು ಸಲ ಲೇಪ, ಹೊರಗೆ ಕಪ್ಪು, ಒಳಗೆ ಕೆಂಪು. ಚಿತ್ರ ಮುಗಿದ ಮೇಲೆ ಚಿನ್ನದ ರೇಕನ್ನು ಗೋಂದಿನೊಡನೆ ಬೆರಳಿನಿಂದ ಅರೆದು ಕೂದಲೆಳೆಯಂತಹ ಗೆರೆಗಳನ್ನು ಎಳೆದು, ಆ ಗೆರೆಗಳನ್ನು ತೋಳನ ಹಲ್ಲಿನಿಂದ ಉಜ್ಜಿ ಹೊಳಪು ಬರಿಸುವರು. ಕಲ್ಯಾಣದ ಹಂದಿಯ ದಾಡೆ, ಪಾಲೆಖಿನ ತೋಳನ ಹಲ್ಲು, ಕಿನ್ನಾಳದ ನುಣುಪುಗಲ್ಲು ಇವು ಮೂರೂ ಮಾಡುವುದು ಒಂದೇ ಕೆಲಸವನ್ನು.

೫

ಕಿನ್ನಾಳಕ್ಕೆ ಪಾಲೆಖಿನಂತೆ ಒಮ್ಮೆಲೇ ಬಂದೊದಗಿದ ಆಪತ್ತು ಇರಲಿಲ್ಲ. ಅರಸರ ಆಶ್ರಯವು ಅಳಿದರೂ ಗ್ರಾಮದೇವತೆಯು ಕೈಬಿಡಲಿಲ್ಲ. ದ್ಯಾಮವ್ವನ ಜಾತ್ರೆಯು ಅನೇಕ ಗ್ರಾಮಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ನಡೆಯುವುದು. ಅದಕ್ಕೆ ಮೊದಲು ಮೂರ್ತಿಗೆ ಹೊಸದಾಗಿ ಬಣ್ಣವನ್ನು ಹಚ್ಚಿಸುವುದು ವಾಡಿಕೆ. ಹಳೆಯ ಪದರಗಳಲ್ಲಿ ಬಿರಿದುದನ್ನು ತೆಗೆದು, ಸಂದುಗಳನ್ನು ತುಂಬಿ, ಮತ್ತೆ ಲೇಪವಿಟ್ಟು, ಬಣ್ಣವನ್ನೂ ಆಭರಣಗಳನ್ನೂ ಹೊಸತಾಗಿ ಮಾಡಿ, ಕಟ್ಟಕಡೆಗೆ ಕಣ್ಣನ್ನು ಬರೆಯುವರು. ಇದರಿಂದ ಎರಡು ಪ್ರಯೋಜನಗಳಾದುವು. ಚಿತ್ರಗಾರನಿಗೆ ಕೆಲಸವು ಮರಳಿ ಮರಳಿ ಬರುತ್ತಿದ್ದಿತು. ತಂದೆಯು ಹಾಕಿದ ಪದರಗಳು ಎಲ್ಲಿ ತಾಳಿದುವು, ಎಲ್ಲಿ ಸೋತುವು ಎಂಬುದು ಮಗನ ಕಣ್ಣಿಗೆ ಬೀಳುತ್ತಿದ್ದಿತು. ಲೇಪವಿದ್ಯೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯು ಇಲ್ಲ. ಪುಸ್ತಕವಿಲ್ಲದೆ ಈ ವಿದ್ಯೆಯು ತಲೆಮಾರಿನಿಂದ ತಲೆಮಾರಿಗೆ ನಡೆದುಬಂದುದರ ರಹಸ್ಯವೂ ಇದರಲ್ಲಿಯೇ ಇರುವಂತೆ ತೋರುವುದು.

ಈಗಿನ ಅಪಾಯವು ಸದ್ದಿಲ್ಲದೆ ಬರತಕ್ಕದ್ದು. ಅಂಗಡಿಯಲ್ಲಿ ದೊರೆಯುವ ಡಬ್ಬಿಯ ಬಣ್ಣವು ಒಂದೇ ದಿನದಲ್ಲಿ ಒಣಗುವುದು. ಚಿನ್ನದ ಬಣ್ಣವೂ ಡಬ್ಬಿಯಲ್ಲಿಯೇ ಸಿದ್ಧವಾಗಿ ಬರುವುದು. ತವರವನ್ನು ಅರೆದು ತಿಕ್ಕುವ ಶ್ರಮಕ್ಕೆ ಕೊಳ್ಳುವವರು ಬೆಲೆ ಕೊಡದಿದ್ದರೆ ಲಾಜವರವು ತಾನಾಗಿಯೇ ಬಿಟ್ಟುಹೋಗುವುದು. ಕೊಂಡ ದಿನ ಎರಡು ಗೊಂಬೆಗಳೂ ಒಂದೇ ಬಗೆಯಾಗಿ ಹೊಳೆಯುವುವು. ಭೇದವು ತಿಳಿಯುವುದು ಕೆಲವು ಮಳೆಗಾಲಗಳು ಕಳೆದ ಮೇಲೆ. ಗೊಂಬೆಯೆಂಬ ಹೆಸರು ಇಲ್ಲಿಯೇ ಬಾಧಕವಾಗುವುದು. ಹಿಂದೆ ಬಗೆಬಗೆಯ ಕಸಬುದಾರರ ರೂಪಗಳಿಗೆ ಇದ್ದ ಮನ್ನಣೆಯು ಈಗ ದೇವತೆಗಳಿಗೂ ಪ್ರಾಣಿಪಕ್ಷಿಗಳಿಗೂ ಸಂದಿದೆ. ಅಲಂಕಾರಕ್ಕೆಂದು ಕೊಂಡ ಗೊಂಬೆಯು ಮತ್ತೆ ಬಣ್ಣಕ್ಕೆಂದು ಚಿತ್ರಗಾರನ ಮನೆಗೆ ಮರಳಿ ಬರುವುದಿಲ್ಲ. ಅದರ ಪದರಗಳು ಸೋತುದನ್ನು ಮಾಡಿದವನು ಕಾಣುವುದಿಲ್ಲ. ಹೀಗೆ ತಪ್ಪನ್ನು ಕಂಡು ತಿದ್ದಿಕೊಳ್ಳುವ ದಾರಿಯು ಮುಚ್ಚಿದರೆ, ಭೌಗೋಳಿಕ ಸೂಚಕವು ಊರಿನ ಹೆಸರನ್ನು ಕಾಯಬಹುದೇ ಹೊರತು ಲೇಪವನ್ನು ಕಾಯಲಾರದು.

ಪಾಲೆಖಿನ ಉದಾಹರಣೆಯಿಂದ ತಿಳಿಯತಕ್ಕ ಅಂಶಗಳು ಎರಡು. ಚಿತ್ರದ ವಿಷಯವು ಬದಲಾಯಿಸಿದರೂ ವಿದ್ಯೆಯು ಉಳಿಯಬಲ್ಲುದು. ಸಂತನು ಹೋಗಿ ತ್ರೋಯ್ಕಾ ಬಂದುದರಿಂದ ಅಲ್ಲಿಯ ಕುಂಚವು ಕುಂದಲಿಲ್ಲ. ಆದರೆ ನೆಲೆಯನ್ನೂ ಹೊಳಪನ್ನೂ ಸಾಧಿಸುವ ಕ್ರಮದಲ್ಲಿ ಅವರು ಸಡಿಲು ಬಿಡಲಿಲ್ಲ; ಅದಕ್ಕಾಗಿ ಸಂಘವನ್ನೂ ಸಂಗ್ರಹಾಲಯವನ್ನೂ ಕಟ್ಟಿಕೊಂಡರು. ಕಿನ್ನಾಳದ ವಿಷಯದಲ್ಲಿ ಮೊದಲು ಆಗಬೇಕಾದ ಕೆಲಸವು ದೊಡ್ಡದೇನೂ ಅಲ್ಲ. ಕಿಟ್ಟದಲ್ಲಿ ಸೆಣಬು, ಹೊಟ್ಟು, ಸರಿಗಳ ಪ್ರಮಾಣವೆಷ್ಟು, ಕಲ್ಲಿನ ಪುಡಿಯನ್ನು ಎಷ್ಟು ನುಣ್ಣಗೆ ಅರೆಯುವರು, ತವರವನ್ನು ಎಷ್ಟು ಹೊತ್ತು ತಿಕ್ಕುವರು, ವಾರ್ನಿಷಿಗೆ ಏನನ್ನು ಬೆರಸುವರು ಎಂಬುದನ್ನು ಬಲ್ಲ ಹಿರಿಯರ ಬಾಯಿಂದಲೂ ಕೈಯಿಂದಲೂ ಅರಿತು ಅಳತೆಯೊಡನೆ ಬರೆದಿಡಬೇಕು. ಬಾದಾಮಿ ಹುನಗುಂದಗಳ ಸೀಮೆಯ ಗುಡಿಗಳಲ್ಲಿ ಜಾತ್ರೆಗಾಗಿ ದ್ಯಾಮವ್ವನ ಹಳೆಯ ಬಣ್ಣವನ್ನು ತೆಗೆಯುವಾಗ, ಊರವರ ಒಪ್ಪಿಗೆಯಿದ್ದಲ್ಲಿ, ಪದರಗಳನ್ನು ಒಂದೊಂದಾಗಿ ಗುರುತಿಸಿಡಬೇಕು. ಮಾನಸೋಲ್ಲಾಸವು ಅರಮನೆಯ ಚಿತ್ರಗಾರರ ಕ್ರಮವನ್ನು ಒಂಬತ್ತು ಶತಮಾನಗಳ ಕೆಳಗೆ ಬರೆಹಕ್ಕೆ ಇಳಿಸಿತು. ಹಳ್ಳಿಯ ಚಿತ್ರಗಾರನ ಕ್ರಮಕ್ಕೂ ಅಷ್ಟು ಬರೆಹವು ಸಲ್ಲಬೇಕಾಗಿದೆ.